ಉಂಡದ್ದು ಮೈಗೆ ಹತ್ತಲಿ

ಆಹಾರ ಸಿಗದೆ ಸೊರಗುವ ಮಕ್ಕಳಿದ್ದಾರೆ. ಆಹಾರ ಸಿಕ್ಕರೂ ಅದು ಮೈಗೆ ಹತ್ತದೆ ಸೊರಗುವ ಮಕ್ಕಳೂ ಇದ್ದಾರೆ. ಈ ಎರಡು ತೊಂದರೆಗಳನ್ನು ವೈದ್ಯರು ಹೇಗೆ ಗುರುತಿಸಿದರು, ಅದರಿಂದ ಎಷ್ಟೋ ಮಕ್ಕಳ ಬಾಳು ಹೇಗೆ ಹಸನಾಯಿತು ಎಂಬುದನ್ನು ಈ ಪಾಠದಲ್ಲಿ ತಿಳಿದುಕೊಳ್ಳೋಣ.

ಮಕ್ಕಳೇ, ರಜೆಯಲ್ಲಿ ಊರಿಗೆ ಹೋದಾಗ ಅಜ್ಜಿ ನಿಮ್ಮ ತೋಳು ಹಿಡಿದು ನೋಡಿ, "ಉಂಡದ್ದು ಮೈಗೆ ಹತ್ತಿಲ್ಲವಲ್ಲ!" ಎಂದು ಹೇಳಿದ್ದುಂಟೆ? ಇದು ನಮ್ಮ ಹಿರಿಯರ ಬಾಯಲ್ಲಿ ಸದಾ ಇರುವ ಮಾತು. ಈ ಚಿಕ್ಕ ಮಾತಿನಲ್ಲಿ ಒಂದು ದೊಡ್ಡ ವಿಚಾರ ಅಡಗಿದೆ. ಉಣ್ಣುವುದು ಒಂದು ಕೆಲಸ. ಉಂಡದ್ದು ಮೈಗೆ ಹತ್ತುವುದು ಇನ್ನೊಂದು ಕೆಲಸ. ಎರಡೂ ಸರಿಯಾಗಿ ನಡೆದರೆ ಮಾತ್ರ ಮಗು ಬೆಳೆಯುತ್ತದೆ.

ಇದನ್ನು ತಿಳಿಯಲು ಸೊಲ್ಲಾಪುರದ ಚಾದರವನ್ನು ನೆನಪಿಸಿಕೊಳ್ಳಿ. ಚಾದರ ತಯಾರಾಗಬೇಕಾದರೆ ಮೊದಲು ನೂಲು ಬೇಕು. ಆ ನೂಲಿಗೆ ಒಬ್ಬರು ಬಣ್ಣ ಹಾಕುತ್ತಾರೆ. ಇನ್ನೊಬ್ಬರು ಅದನ್ನು ಸುತ್ತುತ್ತಾರೆ. ಮತ್ತೊಬ್ಬರು ಮಗ್ಗದ ಮೇಲೆ ನೇಯುತ್ತಾರೆ. ಒಂದು ದಿನ ಮಗ್ಗ ನಿಂತುಹೋಯಿತು ಎಂದು ತಿಳಿಯಿರಿ. ಅದಕ್ಕೆ ಎರಡು ಕಾರಣಗಳಿರಬಹುದು. ಊರಿಗೆ ನೂಲೇ ಬಂದಿಲ್ಲದಿರಬಹುದು. ಇಲ್ಲವೆ, ನೂಲು ಬಂದಿದೆ, ಆದರೆ ಬಣ್ಣ ಹಾಕುವವನು ಬಂದಿಲ್ಲ. ಆಗ ಬಿಳಿಯ ನೂಲು ಒಂದು ಕಡೆ ರಾಶಿ ಬೀಳುತ್ತದೆ. ನೇಕಾರನು ಬಣ್ಣದ ನೂಲಿಲ್ಲದೆ ಕೈಕಟ್ಟಿ ಕೂರುತ್ತಾನೆ. ಹೊರಗೆ ನಿಂತು ನೋಡುವವರಿಗೆ ಎರಡೂ ಒಂದೇ. ಮಗ್ಗದ ಸದ್ದಿಲ್ಲ, ಅಷ್ಟೆ. ಒಳಗೆ ಹೋಗಿ ನೋಡಿದವರಿಗೆ ಮಾತ್ರ ಕಾರಣ ತಿಳಿಯುತ್ತದೆ.

ನಮ್ಮ ಶರೀರವೂ ಇಂಥದೇ ಒಂದು ಕಾರ್ಖಾನೆ. ಅನ್ನ, ರೊಟ್ಟಿ, ಬೇಳೆ, ಹಾಲು, ಕಾಯಿಪಲ್ಯೆಗಳು ಅದಕ್ಕೆ ನೂಲಿದ್ದಂತೆ. ಅವುಗಳನ್ನು ಒಡೆದು, ಬದಲಾಯಿಸಿ, ರಕ್ತ, ಮಾಂಸ, ಮೂಳೆಗಳನ್ನಾಗಿ ಮಾಡುವ ಸಾವಿರಾರು ಕೆಲಸಗಾರರು ಶರೀರದೊಳಗೆ ಇದ್ದಾರೆ. ಅವರಿಗೆ ಕಿಣ್ವಗಳು ಎಂದು ಹೆಸರು. ಒಂದೊಂದು ಕಿಣ್ವಕ್ಕೆ ಒಂದೊಂದೇ ಕೆಲಸ. ಆಹಾರವನ್ನು ಶರೀರವು ಹೀಗೆ ಮಾರ್ಪಡಿಸಿಕೊಳ್ಳುವ ಕ್ರಿಯೆಗೆ ಚಯಾಪಚಯ ಎನ್ನುವರು.

ಮೊದಲು ನೂಲೇ ಬಾರದ ಮಗ್ಗದ ವಿಷಯ ನೋಡೋಣ. ಬೆಳೆಯುವ ಮಗುವಿಗೆ ಬೇಕಾದಷ್ಟು ಆಹಾರ ಸಿಗದಿದ್ದರೆ, ಅಥವಾ ಹೊಟ್ಟೆ ತುಂಬಿದರೂ ಬೇಕಾದ ಸತ್ವಗಳು ಸಿಗದಿದ್ದರೆ ಅದಕ್ಕೆ ಅಪೌಷ್ಟಿಕತೆ ಅಥವಾ ಕುಪೋಷಣೆ ಎನ್ನುವರು. ಇದು ಹಲವು ರೂಪಗಳಲ್ಲಿ ಕಾಣಿಸುತ್ತದೆ. ಕೆಲವು ಮಕ್ಕಳು ತೀರ ತೆಳ್ಳಗಾಗುತ್ತಾರೆ. ಕೆಲವರ ಎತ್ತರ ವಯಸ್ಸಿಗೆ ತಕ್ಕಂತೆ ಬೆಳೆಯುವುದಿಲ್ಲ. ಕೆಲವರು ನೋಡಲು ಸರಿಯಾಗಿಯೇ ಇರುತ್ತಾರೆ; ಆದರೆ ರಕ್ತದಲ್ಲಿ ಕಬ್ಬಿಣದ ಅಂಶ ಕಡಿಮೆಯಾಗಿ ಬೇಗ ದಣಿಯುತ್ತಾರೆ. 2019–21ರಲ್ಲಿ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ನಮ್ಮ ದೇಶದ ಐದು ವರ್ಷದೊಳಗಿನ ಪ್ರತಿ 100 ಮಕ್ಕಳಲ್ಲಿ ಸುಮಾರು 35 ಮಕ್ಕಳ ಎತ್ತರ ವಯಸ್ಸಿಗೆ ತಕ್ಕಷ್ಟು ಇರಲಿಲ್ಲ. ಸುಮಾರು 32 ಮಕ್ಕಳ ತೂಕ ಕಡಿಮೆ ಇತ್ತು. ಇದು ಯಾವುದೋ ದೂರದ ಊರಿನ ಮಾತಲ್ಲ ಎಂಬುದು ಇದರಿಂದ ತಿಳಿಯುತ್ತದೆ.

ಕುಪೋಷಣೆಗೆ ಬಡತನ ಒಂದು ದೊಡ್ಡ ಕಾರಣ. ಆದರೆ ಅದೊಂದೇ ಕಾರಣವಲ್ಲ. ಹೊಲಸು ನೀರು ಕುಡಿದ ಮಗುವಿಗೆ ಪದೇ ಪದೇ ಭೇದಿಯಾಗುತ್ತದೆ. ಉಂಡದ್ದು ಮೈಗೆ ಹತ್ತುವ ಮೊದಲೇ ಹೊರಗೆ ಹೋಗುತ್ತದೆ. ಹೊಟ್ಟೆಯಲ್ಲಿ ಜಂತುಗಳಿದ್ದರೆ ಅವು ಮಗುವಿನ ಪಾಲನ್ನು ಕಸಿದುಕೊಳ್ಳುತ್ತವೆ. ಶಾಲೆಯಲ್ಲಿ ನಿಮಗೆ ಜಂತುನಾಶಕ ಗುಳಿಗೆ ಕೊಡುವುದು ಇದಕ್ಕಾಗಿಯೇ. ಸೊರಗಿದ ಮಗುವಿಗೆ ಬೇನೆ ಬೇಗ ಬರುತ್ತದೆ. ಬೇನೆ ಬಂದ ಮಗು ಇನ್ನಷ್ಟು ಸೊರಗುತ್ತದೆ. ಗಾಣದ ಎತ್ತಿನಂತೆ ಇದು ಸುತ್ತುತ್ತಲೇ ಇರುತ್ತದೆ.

ಕುಪೋಷಣೆಯಲ್ಲಿ ನೋಡುವವರನ್ನು ಮೋಸಗೊಳಿಸುವ ಒಂದು ರೂಪವಿದೆ. ಅದನ್ನು ಜಗತ್ತಿಗೆ ತಿಳಿಸಿದವರು ಸಿಸಿಲಿ ವಿಲಿಯಮ್ಸ್ ಎಂಬ ವೈದ್ಯೆ. ಅವರು ಹುಟ್ಟಿದ್ದು 1893ರಲ್ಲಿ, ಜಮೈಕಾ ದ್ವೀಪದಲ್ಲಿ. 1929ರಿಂದ ಅವರು ಆಫ್ರಿಕಾದ ಗೋಲ್ಡ್ ಕೋಸ್ಟ್ ಎಂಬಲ್ಲಿ ಮಕ್ಕಳ ಸೇವೆ ಮಾಡಿದರು. ಆ ನಾಡಿಗೆ ಈಗ ಘಾನಾ ಎಂದು ಹೆಸರು. ಅಲ್ಲಿ ಒಂದರಿಂದ ನಾಲ್ಕು ವರ್ಷದ ಮಕ್ಕಳನ್ನು ತಾಯಂದಿರು ಎತ್ತಿಕೊಂಡು ಬರುತ್ತಿದ್ದರು. ಆ ಮಕ್ಕಳ ಕೈಕಾಲುಗಳು ಊದಿರುತ್ತಿದ್ದವು. ಕಪ್ಪು ಕೂದಲು ಕೆಂಚಗಾಗಿ ತೆಳುವಾಗಿರುತ್ತಿತ್ತು. ಚರ್ಮ ಸುಲಿಯುತ್ತಿತ್ತು. ಮುಖದಲ್ಲಿ ನಗುವೇ ಇರುತ್ತಿರಲಿಲ್ಲ. ಊದಿದ ಮೈ ಕಂಡವರಿಗೆ ಮಗು ದುಂಡಗಿದೆ ಎಂದೇ ತೋರಬಹುದು. ಆದರೆ ಪಾದವನ್ನು ಹೆಬ್ಬೆರಳಿನಿಂದ ಒತ್ತಿ ತೆಗೆದರೆ ಅಲ್ಲಿ ಗುಳಿ ಹಾಗೆಯೇ ಉಳಿಯುತ್ತದೆ. ಅದು ಕೊಬ್ಬಲ್ಲ, ತುಂಬಿಕೊಂಡ ನೀರು.

ಸಿಸಿಲಿ ವಿಲಿಯಮ್ಸ್ ಪುಸ್ತಕಗಳನ್ನು ಮಾತ್ರ ನಂಬಿ ಕೂರಲಿಲ್ಲ. "ಈ ಬೇನೆಗೆ ನೀವು ಏನೆನ್ನುತ್ತೀರಿ?" ಎಂದು ಅಲ್ಲಿಯ ಹೆಂಗಸರನ್ನೇ ಕೇಳಿದರು. ಅವರು "ಕ್ವಾಶಿಯೋರ್ಕರ್" ಎಂದರು. ಅವರ ಗಾ ಭಾಷೆಯಲ್ಲಿ, ಮನೆಯಲ್ಲಿ ಇನ್ನೊಂದು ಮಗು ಹುಟ್ಟಿದಾಗ ಮೊದಲಿನ ಮಗುವಿಗೆ ಬರುವ ಬೇನೆ ಎಂದು ಅದರ ಅರ್ಥ. ವೈದ್ಯೆಗೆ ದಾರಿ ಹೊಳೆಯಿತು. ತಂಗಿಯೋ ತಮ್ಮನೋ ಹುಟ್ಟಿದೊಡನೆ ದೊಡ್ಡ ಮಗುವಿಗೆ ತಾಯಿಯ ಹಾಲು ತಪ್ಪುತ್ತಿತ್ತು. ಅದರ ಬದಲು ಬರಿಯ ಗೋವಿನಜೋಳದ ಗಂಜಿ ಸಿಗುತ್ತಿತ್ತು. ಗಂಜಿಯಿಂದ ಹೊಟ್ಟೆ ತುಂಬುತ್ತಿತ್ತು. ಬೆಳೆಯಲು ಬೇಕಾದ ಸತ್ವ ಸಿಗುತ್ತಿರಲಿಲ್ಲ. ಅವರು ಮಕ್ಕಳಿಗೆ ಹಾಲು ಕೊಡಿಸಿದರು. ಸಕಾಲಕ್ಕೆ ಹಾಲು ಸಿಕ್ಕ ಮಕ್ಕಳು ಚೇತರಿಸಿಕೊಂಡರು. 1933ರಲ್ಲಿ ಅವರು ಈ ವಿಷಯವನ್ನು ಬರೆದು ಪ್ರಕಟಿಸಿದರು. ಇದು ಹಳೆಯದೊಂದು ರೋಗವೇ ಎಂದು ಕೆಲವು ವೈದ್ಯರು ವಾದಿಸಿದರು. ಆದರೂ ಅವರು ಹಿಂಜರಿಯಲಿಲ್ಲ. 1935ರಲ್ಲಿ ಮತ್ತೊಂದು ಲೇಖನ ಬರೆದು, ಊರಿನ ಹೆಂಗಸರು ಇಟ್ಟ ಹೆಸರನ್ನೇ ಆ ರೋಗಕ್ಕೆ ಇಟ್ಟರು. ಇಂದಿಗೂ ವೈದ್ಯರ ಪುಸ್ತಕಗಳಲ್ಲಿ ಅದೇ ಹೆಸರಿದೆ.

ಇನ್ನು ಎರಡನೆಯ ಮಗ್ಗದ ವಿಷಯಕ್ಕೆ ಬರೋಣ. ಇಲ್ಲಿ ನೂಲಿಗೆ ಕೊರತೆಯಿಲ್ಲ. ಒಬ್ಬ ಕೆಲಸಗಾರ ಮಾತ್ರ ಇಲ್ಲ.

ಯುರೋಪಿನ ಉತ್ತರಕ್ಕೆ ನಾರ್ವೆ ಎಂಬ ದೇಶವಿದೆ. ಅಲ್ಲಿ ಒಬ್ಬ ತಾಯಿಗೆ ಇಬ್ಬರು ಮಕ್ಕಳಿದ್ದರು. ಹುಟ್ಟಿದಾಗ ಇಬ್ಬರೂ ಚೆನ್ನಾಗಿಯೇ ಇದ್ದರು. ಅವರಿಗೆ ಊಟಕ್ಕೆ ಕೊರತೆಯಿರಲಿಲ್ಲ. ಆದರೆ ದಿನ ಕಳೆದಂತೆ ಅವರ ಬುದ್ಧಿ ಬೆಳೆಯಲಿಲ್ಲ. ಮಗ ನಡೆಯಲೂ ಇಲ್ಲ, ಮಾತಾಡಲೂ ಇಲ್ಲ. ಅವರ ಮೂತ್ರಕ್ಕೆ ಒಂದು ವಿಚಿತ್ರ ವಾಸನೆಯಿತ್ತು. ತಾಯಿ ಹಲವು ವೈದ್ಯರ ಬಳಿಗೆ ಹೋದಳು. ಯಾರಿಂದಲೂ ಉತ್ತರ ಸಿಗಲಿಲ್ಲ. ಅವಳು ಕೇಳುವುದನ್ನು ಬಿಡಲಿಲ್ಲ. 1934ರಲ್ಲಿ ಅವಳ ಮಾತು ಆಸ್ಬ್ಯೋರ್ನ್ ಫೋಲಿಂಗ್ ಎಂಬ ವೈದ್ಯರಿಗೆ ತಲುಪಿತು.

ಫೋಲಿಂಗ್ ರಸಾಯನಶಾಸ್ತ್ರವನ್ನೂ ಬಲ್ಲವರು. ಅವರು ಮಕ್ಕಳ ಮೂತ್ರಕ್ಕೆ ಫೆರಿಕ್ ಕ್ಲೋರೈಡ್ ಎಂಬ ದ್ರಾವಣದ ಕೆಲವು ಹನಿಗಳನ್ನು ಹಾಕಿದರು. ಅದು ಹಸಿರು ಬಣ್ಣಕ್ಕೆ ತಿರುಗಿತು! ಅವರು ಹಿಂದೆಂದೂ ಅಂಥ ಬಣ್ಣವನ್ನು ಕಂಡಿರಲಿಲ್ಲ. ಮಕ್ಕಳಿಗೆ ಕೊಡುತ್ತಿದ್ದ ಔಷಧದಿಂದ ಹೀಗಾಯಿತೋ ಎಂದು ಸಂಶಯಪಟ್ಟು, ಒಂದು ವಾರ ಔಷಧ ನಿಲ್ಲಿಸಿ ಮತ್ತೆ ಪರೀಕ್ಷಿಸಿದರು. ಮತ್ತೆ ಹಸಿರು! ಅವರು ಬಹಳ ದಿನ ಶ್ರಮಪಟ್ಟು ಆ ಬಣ್ಣಕ್ಕೆ ಕಾರಣವಾದ ವಸ್ತುವನ್ನು ಬೇರ್ಪಡಿಸಿದರು. ಬಳಿಕ ಬುದ್ಧಿ ಬೆಳೆಯದ 430 ಜನರನ್ನು ಪರೀಕ್ಷಿಸಿದಾಗ ಇನ್ನೂ 8 ಜನರಲ್ಲಿ ಅದೇ ವಸ್ತು ಕಂಡಿತು. ಆ ರೋಗವನ್ನು ಈಗ ಫಿನೈಲ್‌ಕೀಟೋನ್ಯೂರಿಯಾ ಎನ್ನುವರು. ಹೆಸರು ಉದ್ದವಾದ್ದರಿಂದ ವೈದ್ಯರೂ ಚಿಕ್ಕದಾಗಿ ಪಿ.ಕೆ.ಯು. ಎಂದೇ ಕರೆಯುತ್ತಾರೆ.

ಈ ರೋಗದಲ್ಲಿ ಆಗುವುದೇನು? ಹಾಲು, ಬೇಳೆ, ತತ್ತಿ, ಮಾಂಸಗಳಲ್ಲಿರುವ ಪ್ರೋಟೀನಿನಲ್ಲಿ ಫಿನೈಲ್‌ಅಲನಿನ್ ಎಂಬ ಒಂದು ಅಂಶವಿದೆ. ನಮ್ಮ ಯಕೃತ್ತಿನಲ್ಲಿರುವ ಒಂದು ಕಿಣ್ವವು ಅದನ್ನು ಟೈರೋಸಿನ್ ಎಂಬ ಇನ್ನೊಂದು ವಸ್ತುವನ್ನಾಗಿ ಮಾಡುತ್ತದೆ. ಪಿ.ಕೆ.ಯು. ಇರುವ ಮಗುವಿನಲ್ಲಿ ಆ ಕಿಣ್ವ ಕೆಲಸ ಮಾಡುವುದಿಲ್ಲ. ಆಗ ಫಿನೈಲ್‌ಅಲನಿನ್ ರಕ್ತದಲ್ಲಿ ರಾಶಿ ಬಿದ್ದು ಎಳೆಯ ಮೆದುಳನ್ನು ಹಾಳುಮಾಡುತ್ತದೆ. ಕೂದಲಿಗೂ ಚರ್ಮಕ್ಕೂ ಬಣ್ಣ ಕೊಡಲು ಬೇಕಾದ ಟೈರೋಸಿನ್ ಕಡಿಮೆ ಬೀಳುತ್ತದೆ. ಬಿಳಿಯ ನೂಲು ರಾಶಿ ಬಿದ್ದು ನೇಕಾರನು ಕೈಕಟ್ಟಿ ಕುಳಿತದ್ದು ನೆನಪಿದೆಯಲ್ಲ? ಇದೂ ಹಾಗೆಯೇ.

ಫೋಲಿಂಗ್ ರೋಗವನ್ನು ಕಂಡುಹಿಡಿದರು. ಆದರೆ ಆಗ ಅದಕ್ಕೆ ಉಪಾಯವಿರಲಿಲ್ಲ. ಆ ತಾಯಿಯ ಮಕ್ಕಳು ಗುಣವಾಗಲಿಲ್ಲ.

ಹದಿನೇಳು ವರ್ಷಗಳು ಕಳೆದವು. 1951ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ನಗರದ ಮಕ್ಕಳ ಆಸ್ಪತ್ರೆಗೆ ಇನ್ನೊಬ್ಬ ತಾಯಿ ತನ್ನ ಪುಟ್ಟ ಮಗಳನ್ನು ಕರೆತಂದಳು. ಆ ಹುಡುಗಿಗೆ ಪಿ.ಕೆ.ಯು. ಇದೆಯೆಂದು ವೈದ್ಯ ಹಾರ್ಸ್ಟ್ ಬಿಕೆಲ್ ಗುರುತಿಸಿದರು. "ಇದಕ್ಕೆ ಔಷಧವಿಲ್ಲ" ಎಂಬ ಉತ್ತರ ತಾಯಿಗೆ ಸಾಕಾಗಲಿಲ್ಲ. ಅವಳು ಪ್ರತಿದಿನ ಬೆಳಿಗ್ಗೆ ಪ್ರಯೋಗಶಾಲೆಯ ಬಾಗಿಲಲ್ಲಿ ಕಾದು ನಿಂತು, ತನ್ನ ಮಗಳಿಗೆ ಏನಾದರೂ ಮಾಡಬೇಕೆಂದು ಕೇಳುತ್ತಿದ್ದಳು. ಕೊನೆಗೆ ಬಿಕೆಲ್ ಮತ್ತು ಅವರ ಜೊತೆಗಾರರು ಒಂದು ಉಪಾಯ ಮಾಡಿದರು. ಹಾಲಿನ ಪ್ರೋಟೀನನ್ನು ಚೂರು ಚೂರಾಗಿ ಒಡೆದು, ವಿಶೇಷ ಇದ್ದಿಲಿನ ಮೂಲಕ ಸೋಸಿ, ಅದರಲ್ಲಿದ್ದ ಫಿನೈಲ್‌ಅಲನಿನ್ನನ್ನು ತೆಗೆದುಹಾಕಿದರು. ಉಳಿದದ್ದನ್ನು ಮಗುವಿಗೆ ಆಹಾರವಾಗಿ ಕೊಟ್ಟರು. ಕೆಲವು ತಿಂಗಳುಗಳಲ್ಲಿ ಆ ಹುಡುಗಿ ಅಂಬೆಗಾಲಿಟ್ಟಳು, ಎದ್ದು ನಿಂತಳು, ಕುರ್ಚಿ ಹತ್ತಿದಳು. ಅವಳ ಕಣ್ಣುಗಳಲ್ಲಿ ಹೊಳಪು ಬಂದಿತು. ಒಂದು ರೋಗವನ್ನು ಗುಳಿಗೆಯಿಂದಲ್ಲ, ಊಟದ ಬದಲಾವಣೆಯಿಂದ ಹತೋಟಿಗೆ ತರಬಹುದೆಂದು ಆಗ ತಿಳಿಯಿತು.

ಆದರೆ ಒಂದು ತೊಡಕು ಉಳಿಯಿತು. ಮೆದುಳು ಒಮ್ಮೆ ಕೆಟ್ಟರೆ ಪೂರ್ತಿ ಸರಿಹೋಗದು. ಆದ್ದರಿಂದ ರೋಗದ ಲಕ್ಷಣ ಕಾಣುವ ಮೊದಲೇ ಅದನ್ನು ಹಿಡಿಯಬೇಕು. ಚೆನ್ನಾಗಿ ಕಾಣುವ ಮಗುವಿನಲ್ಲಿ ರೋಗವನ್ನು ಹುಡುಕುವುದು ಹೇಗೆ? ಅಮೆರಿಕದ ರಾಬರ್ಟ್ ಗತ್ರಿ ಎಂಬ ವಿಜ್ಞಾನಿ ಈ ಪ್ರಶ್ನೆಯನ್ನು ಬಿಡಿಸಿದರು. ಅವರ ಬಂಧುಗಳ ಮನೆಯಲ್ಲಿಯೇ ಪಿ.ಕೆ.ಯು. ಇರುವ ಒಂದು ಮಗುವಿತ್ತು. ಹುಟ್ಟಿದ ಕೆಲವೇ ದಿನಗಳಲ್ಲಿ ಮಗುವಿನ ಹಿಮ್ಮಡಿಯನ್ನು ಸೂಜಿಯಿಂದ ತುಸು ಚುಚ್ಚಿ, ಕೆಲವು ಹನಿ ರಕ್ತವನ್ನು ಸೋಸುಕಾಗದದ ಮೇಲೆ ತೆಗೆದು ಒಣಗಿಸಿದರೆ ಸಾಕು. ಆ ಕಾಗದವನ್ನು ಅಂಚೆಯಲ್ಲಿಯೂ ಪ್ರಯೋಗಶಾಲೆಗೆ ಕಳುಹಿಸಬಹುದು. 1963ರಲ್ಲಿ ಗತ್ರಿ ಈ ಪರೀಕ್ಷೆಯ ವಿವರವನ್ನು ಪ್ರಕಟಿಸಿದರು. ಈಗ ಅನೇಕ ದೇಶಗಳಲ್ಲಿ ಹುಟ್ಟಿದ ಎಲ್ಲ ಶಿಶುಗಳಿಗೂ ಈ ಬಗೆಯ ಪರೀಕ್ಷೆ ಮಾಡುತ್ತಾರೆ. ನಮ್ಮ ದೇಶದಲ್ಲಿಯೂ ಹಲವು ಆಸ್ಪತ್ರೆಗಳಲ್ಲಿ ಇದು ನಡೆಯುತ್ತದೆ. ಹೊಸ ಯಂತ್ರಗಳು ಅದೇ ಕೆಲವು ಹನಿಗಳಿಂದ ಹತ್ತಾರು ರೋಗಗಳನ್ನು ಗುರುತಿಸಬಲ್ಲವು. ರೋಗ ಬೇಗ ತಿಳಿದು, ತಕ್ಕ ಪಥ್ಯ ಮಾಡಿದ ಪಿ.ಕೆ.ಯು. ಮಕ್ಕಳು ನಿಮ್ಮಂತೆಯೇ ಓದುತ್ತಾರೆ, ಆಡುತ್ತಾರೆ.

ಇಂಥ ರೋಗಗಳು ನೂರಾರು ಇವೆ. ಒಂದೊಂದೂ ಬಹಳ ಅಪರೂಪ. ಯುರೋಪಿನಲ್ಲಿ ಸುಮಾರು 10,000 ಶಿಶುಗಳಲ್ಲಿ ಒಂದಕ್ಕೆ ಪಿ.ಕೆ.ಯು. ಇರುತ್ತದೆ. ಗ್ಯಾಲಕ್ಟೋಸೀಮಿಯಾ ಎಂಬ ಇನ್ನೊಂದು ರೋಗದಲ್ಲಿ ಶಿಶುವಿನ ಶರೀರವು ಹಾಲಿನಲ್ಲಿರುವ ಸಕ್ಕರೆಯ ಒಂದು ಭಾಗವನ್ನು ಬಳಸಿಕೊಳ್ಳಲಾರದು. ಹಾಲು ಕುಡಿದ ಕೆಲವೇ ದಿನಗಳಲ್ಲಿ ವಾಂತಿ, ಕಾಮಾಲೆ ಕಾಣಿಸಿಕೊಂಡು ಮಗು ಸೊರಗುತ್ತದೆ. ವೈದ್ಯರು ಪರೀಕ್ಷಿಸಿ, ಹಾಲು ನಿಲ್ಲಿಸಿ, ಬೇರೆ ಆಹಾರ ಕೊಡಿಸಿದರೆ ಮಗು ಬದುಕುತ್ತದೆ. ನೋಡಿದಿರಾ, ಮಕ್ಕಳೇ! ಗೋಲ್ಡ್ ಕೋಸ್ಟಿನ ಮಕ್ಕಳಿಗೆ ಅಮೃತವಾದ ಹಾಲೇ ಈ ಮಗುವಿಗೆ ವಿಷವಾಗುತ್ತದೆ. ಸೊರಗಿದ ಮಗುವನ್ನು ಕಂಡೊಡನೆ "ಇನ್ನಷ್ಟು ತಿನ್ನಿಸಿ" ಎಂದರೆ ಸಾಲದು. ಏಕೆ ಸೊರಗಿದೆ ಎಂದು ಮೊದಲು ಕೇಳಬೇಕು. ಇಂಥ ರೋಗಗಳು ಬಹಳ ಕಡಿಮೆ. ಬಹುತೇಕ ಶಿಶುಗಳಿಗೆ ತಾಯಿಯ ಹಾಲಿಗಿಂತ ಒಳ್ಳೆಯ ಆಹಾರವಿಲ್ಲ. ಆದ್ದರಿಂದ ವೈದ್ಯರು ಹೇಳದೆ ಯಾವ ಮಗುವಿಗೂ ಹಾಲು ಬಿಡಿಸಬಾರದು.

ಇಂಥ ರೋಗಗಳು ಅಂಟುರೋಗಗಳಲ್ಲ. ತಾಯಿ ಸರಿಯಾಗಿ ನೋಡಿಕೊಳ್ಳದ್ದರಿಂದ ಬಂದವೂ ಅಲ್ಲ. ಸಾಮಾನ್ಯವಾಗಿ ತಂದೆ, ತಾಯಿ ಇಬ್ಬರಿಂದಲೂ ಮಗುವಿಗೆ ಬಂದ ಒಂದು ಚಿಕ್ಕ ದೋಷ ಇದಕ್ಕೆ ಕಾರಣ. ತಂದೆ ತಾಯಿಗಳಲ್ಲಿ ಆ ದೋಷವು ಹೊರಗೆ ಕಾಣುವುದಿಲ್ಲ. ಹತ್ತಿರದ ರಕ್ತಸಂಬಂಧದಲ್ಲಿ ಮದುವೆಯಾದವರ ಮಕ್ಕಳಲ್ಲಿ ಇಂಥ ರೋಗಗಳ ಸಂಭವ ತುಸು ಹೆಚ್ಚು.

ಹಾಗಾದರೆ ನಮ್ಮ ಊರಿನಲ್ಲಿ ಮಗು ಸರಿಯಾಗಿ ಬೆಳೆಯುತ್ತಿದೆಯೋ ಇಲ್ಲವೋ ಎಂದು ನೋಡುವವರು ಯಾರು? ಅಂಗನವಾಡಿ ತಾಯಿಯವರು. 1975ರ ಅಕ್ಟೋಬರ್ 2ರಂದು ದೇಶದ 33 ಕಡೆಗಳಲ್ಲಿ ಆರಂಭವಾದ ಯೋಜನೆಯಿಂದ ಅಂಗನವಾಡಿಗಳು ಹುಟ್ಟಿದವು. ಈಗ ಹಳ್ಳಿಹಳ್ಳಿಗಳಲ್ಲಿ ಅವು ಇವೆ. ಅಲ್ಲಿ ಮಕ್ಕಳ ತೂಕ, ಎತ್ತರ ಅಳೆದು ಬರೆದಿಡುತ್ತಾರೆ. ಆರು ತಿಂಗಳಿನಿಂದ ಐದು ವರ್ಷದೊಳಗಿನ ಮಕ್ಕಳ ತೋಳಿಗೆ ಬಣ್ಣದ ಪಟ್ಟಿ ಸುತ್ತಿ ನೋಡುತ್ತಾರೆ. ತೋಳಿನ ಸುತ್ತಳತೆ 12.5 ಸೆಂಟಿಮೀಟರಿಗಿಂತ ಕಡಿಮೆಯಾದರೆ ಹಳದಿ, ಎಚ್ಚರಿಕೆ ಬೇಕು. 11.5 ಸೆಂಟಿಮೀಟರಿಗಿಂತಲೂ ಕಡಿಮೆಯಾದರೆ ಕೆಂಪು. ಕೂಡಲೇ ಚಿಕಿತ್ಸೆ ಬೇಕು. ಅಜ್ಜಿ ಕೈಯಿಂದ ಹಿಡಿದು ನೋಡುವುದನ್ನೇ ಈ ಪಟ್ಟಿ ಅಳತೆಯಿಂದ ಹೇಳುತ್ತದೆ.

ತೀರ ಸೊರಗಿ ಬೇನೆಬಿದ್ದ ಮಗುವನ್ನು ಆಸ್ಪತ್ರೆಯ ಪೋಷಣೆ ಪುನರ್ವಸತಿ ಕೇಂದ್ರಕ್ಕೆ ಕಳುಹಿಸುತ್ತಾರೆ. ಅಲ್ಲಿ ಮೊದಲ ದಿನವೇ ಹೊಟ್ಟೆ ತುಂಬ ಉಣ್ಣಿಸುವುದಿಲ್ಲ. ಬಹಳ ದಿನ ಹಸಿದ ಶರೀರವು ಒಮ್ಮೆಲೆ ಬಂದ ಆಹಾರವನ್ನು ತಾಳಲಾರದು. ಅದರಿಂದ ಪ್ರಾಣಕ್ಕೇ ಅಪಾಯ. ಆದ್ದರಿಂದ ಎರಡು ಮೂರು ಗಂಟೆಗೊಮ್ಮೆ ಸ್ವಲ್ಪ ಸ್ವಲ್ಪವೇ ಹಾಲಿನ ಆಹಾರ ಕೊಟ್ಟು, ಮೆಲ್ಲಗೆ ಹೆಚ್ಚಿಸುತ್ತಾ ಹೋಗುತ್ತಾರೆ. ಸರಿಯಾಗಿ ಉಣ್ಣಿಸಿದರೂ ಮಗುವಿನ ತೂಕ ಏರದಿದ್ದರೆ ವೈದ್ಯರು ಬೇರೆ ಕಾರಣ ಹುಡುಕುತ್ತಾರೆ. ರಕ್ತ, ಮೂತ್ರಗಳನ್ನು ಪರೀಕ್ಷೆಗೆ ಕಳುಹಿಸುತ್ತಾರೆ.

ನಿಮ್ಮ ಶಾಲೆಗೂ ವೈದ್ಯರ ತಂಡ ಬರುವುದನ್ನು ನೀವು ನೋಡಿರಬಹುದು. ಈ ಮಕ್ಕಳ ಆರೋಗ್ಯ ತಪಾಸಣೆಯ ಯೋಜನೆಯು 2013ರ ಫೆಬ್ರುವರಿಯಲ್ಲಿ ನಮ್ಮ ಮಹಾರಾಷ್ಟ್ರದ ಪಾಲಘರದಲ್ಲಿಯೇ ಆರಂಭವಾಗಿ ದೇಶಕ್ಕೆಲ್ಲ ಹಬ್ಬಿತು. ಹುಟ್ಟಿದ ಶಿಶುವಿನಿಂದ 18 ವರ್ಷದವರೆಗಿನ ಮಕ್ಕಳನ್ನು ಅದರಲ್ಲಿ ಪರೀಕ್ಷಿಸುತ್ತಾರೆ. ಅಪರೂಪದ ರೋಗಗಳಿಗಾಗಿ 2021ರಲ್ಲಿ ಕೇಂದ್ರ ಸರಕಾರವು ಒಂದು ನೀತಿಯನ್ನು ಮಾಡಿತು. ಅದರಂತೆ ಮುಂಬೈಯ ಕೆ.ಇ.ಎಂ. ಆಸ್ಪತ್ರೆಯೂ ಇಂಥ ರೋಗಗಳ ಚಿಕಿತ್ಸೆಯ ಒಂದು ಕೇಂದ್ರವಾಗಿದೆ.

ಮಕ್ಕಳೇ, ನೀವು ಮಾಡಬೇಕಾದದ್ದೂ ಇದೆ. ನಮ್ಮ ಜೋಳದ ರೊಟ್ಟಿ, ತೊಗರಿಬೇಳೆ, ಮೆಂತ್ಯೆಪಲ್ಯೆ, ಶೇಂಗಾಚಟ್ನಿ, ಮೊಸರು ಇವೆಲ್ಲ ಒಂದೇ ತಾಟಿನಲ್ಲಿದ್ದರೆ ಅದು ಯಾವ ದುಬಾರಿ ಪುಡಿಗೂ ಕಡಿಮೆಯಲ್ಲ. ಶಾಲೆಯ ಊಟದಲ್ಲಿ ಬೇಳೆ, ಕಾಯಿಪಲ್ಯೆಗಳನ್ನು ಆರಿಸಿ ಬದಿಗೆ ಇಡಬೇಡಿ. ಊಟಕ್ಕೆ ಮೊದಲು ಸಾಬೂನಿನಿಂದ ಕೈ ತೊಳೆಯಿರಿ. ಮನೆಯಲ್ಲಿ ಪುಟ್ಟ ತಮ್ಮನೋ ತಂಗಿಯೋ ಇದ್ದರೆ ಅಂಗನವಾಡಿಯಲ್ಲಿ ತೂಕ ಮಾಡಿಸುವಂತೆ ಅವ್ವನಿಗೆ ನೆನಪು ಮಾಡಿರಿ. ಆರು ತಿಂಗಳವರೆಗೆ ಶಿಶುವಿಗೆ ತಾಯಿಯ ಹಾಲೊಂದೇ ಸಾಕು; ಆಮೇಲೆ ಹಾಲಿನ ಜೊತೆಗೆ ಮೆತ್ತಗೆ ಹಿಸುಕಿದ ಅನ್ನ ಬೇಳೆಗಳೂ ಬೇಕು.

ಇನ್ನೊಂದು ಮಾತು. ನಿಮ್ಮ ವರ್ಗದಲ್ಲಿ ತೆಳ್ಳಗಿರುವ, ಕುಳ್ಳಗಿರುವ, ನಿಧಾನವಾಗಿ ಕಲಿಯುವ ಗೆಳೆಯನಿರಬಹುದು. "ನನಗೆ ಇದು ನಡೆಯುವುದಿಲ್ಲ" ಎಂದು ನೀವು ಕೊಟ್ಟ ತಿಂಡಿಯನ್ನು ಬೇಡವೆನ್ನುವ ಗೆಳತಿಯಿರಬಹುದು. ಅವರನ್ನು ಹಂಗಿಸಬೇಡಿ, ಒತ್ತಾಯಿಸಲೂ ಬೇಡಿ. ಅವರ ಶರೀರದ ಮಗ್ಗದಲ್ಲಿ ಏನು ನಡೆದಿದೆ ಎಂಬುದು ಹೊರಗಿನವರಿಗೆ ಕಾಣದು. ಅದನ್ನು ಕಾಣಲು ಸಿಸಿಲಿ ವಿಲಿಯಮ್ಸ್ ಊರಿನ ಹೆಂಗಸರನ್ನು ಕೇಳಿದರು. ಫೋಲಿಂಗ್ ಮತ್ತು ಬಿಕೆಲ್ ತಾಯಂದಿರ ಮಾತಿಗೆ ಕಿವಿಗೊಟ್ಟರು. ನಾವೂ ನಗುವ ಬದಲು ಕೇಳಲು ಕಲಿಯೋಣ.

ಹೊಸ ಪದಗಳ ಅರ್ಥ

ಸೊರಗು – ಬಡವಾಗು, ಬಾಡು
ಹಸನಾಗು – ಒಳ್ಳೆಯದಾಗು
ಕಿಣ್ವ – ಶರೀರದೊಳಗೆ ಒಂದು ವಸ್ತುವನ್ನು ಇನ್ನೊಂದಾಗಿ ಮಾರ್ಪಡಿಸಲು ನೆರವಾಗುವ ವಸ್ತು
ಸತ್ವ – ಸಾರ, ತಿರುಳು
ಯಕೃತ್ತು – ಪಿತ್ತಜನಕಾಂಗ
ಹಿಮ್ಮಡಿ – ಪಾದದ ಹಿಂಭಾಗ
ಪಥ್ಯ – ರೋಗಿಗೆ ತಕ್ಕ ಆಹಾರದ ನಿಯಮ
ಹಂಗಿಸು – ಚುಚ್ಚಿ ಮಾತಾಡು

ಅಭ್ಯಾಸ

ಪ್ರ. 1. ಒಂದೇ ವಾಕ್ಯದಲ್ಲಿ ಉತ್ತರ ಬರೆಯಿರಿ.
ಅ) ಚಯಾಪಚಯ ಎಂದರೇನು?
ಆ) ಕ್ವಾಶಿಯೋರ್ಕರ್ ಎಂಬುದು ಯಾವ ಭಾಷೆಯ ಶಬ್ದ?
ಇ) ಫೋಲಿಂಗ್ ದ್ರಾವಣ ಹಾಕಿದಾಗ ಮೂತ್ರವು ಯಾವ ಬಣ್ಣಕ್ಕೆ ತಿರುಗಿತು?
ಈ) ಗತ್ರಿಯವರ ಪರೀಕ್ಷೆಗೆ ಶಿಶುವಿನ ರಕ್ತವನ್ನು ಎಲ್ಲಿಂದ ತೆಗೆಯುತ್ತಾರೆ?

ಪ್ರ. 2. ಮೂರು ನಾಲ್ಕು ವಾಕ್ಯಗಳಲ್ಲಿ ಉತ್ತರ ಬರೆಯಿರಿ.
ಅ) ಮಗ್ಗ ನಿಲ್ಲಲು ಲೇಖಕರು ಹೇಳಿದ ಎರಡು ಕಾರಣಗಳು ಯಾವುವು?
ಆ) ಬಹಳ ದಿನ ಹಸಿದ ಮಗುವಿಗೆ ಒಮ್ಮೆಲೆ ಹೆಚ್ಚು ಉಣ್ಣಿಸಬಾರದು. ಏಕೆ?
ಇ) ಬರ್ಮಿಂಗ್‌ಹ್ಯಾಮಿನ ಹುಡುಗಿಯಲ್ಲಿ ಆದ ಬದಲಾವಣೆಗಳನ್ನು ಬರೆಯಿರಿ.

ಪ್ರ. 3. ಬಿಟ್ಟ ಸ್ಥಳಗಳನ್ನು ತುಂಬಿರಿ.
ಅ) ಸಿಸಿಲಿ ವಿಲಿಯಮ್ಸ್ ______ ದ್ವೀಪದಲ್ಲಿ ಹುಟ್ಟಿದರು.
ಆ) ಮಗುವಿನ ತೋಳಿನ ಸುತ್ತಳತೆ ______ ಸೆಂಟಿಮೀಟರಿಗಿಂತ ಕಡಿಮೆಯಾದರೆ ಕೂಡಲೇ ಚಿಕಿತ್ಸೆ ಬೇಕು.

ಪ್ರ. 4. ಸ್ವಂತ ವಾಕ್ಯದಲ್ಲಿ ಉಪಯೋಗಿಸಿರಿ.
ಮೈಗೆ ಹತ್ತು, ಕೈಕಟ್ಟಿ ಕೂರು, ಕಿವಿಗೊಡು

ಉಪಕ್ರಮ: ನಿಮ್ಮ ಊರಿನ ಅಂಗನವಾಡಿಗೆ ಗುರುಗಳೊಂದಿಗೆ ಭೆಟ್ಟಿ ಕೊಡಿರಿ. ಮಕ್ಕಳ ತೂಕ, ಎತ್ತರಗಳನ್ನು ಹೇಗೆ ಅಳೆಯುತ್ತಾರೆ ಎಂಬುದನ್ನು ನೋಡಿ, ಹತ್ತು ವಾಕ್ಯಗಳಲ್ಲಿ ಬರೆಯಿರಿ.